ಕೇಳಿದರೆ ಮಾತ್ರ ಹೇಳಬೇಕು

ಟಿಕ್ ಟಿಕ್ ಅಂತ ಸೊಂಟದ ಹತ್ತಿರ, ಸೆರಗಿನ ಗಂಟಿನೊಳಗ ಏನೋ ಮಿಡಿಯುತ್ತಿತ್ತು, ಇರುವಿ ಹರಿದಂಗ ಅಲ್ಲ, ಹೊಟ್ಟಿಯೊಳಗ ಕೂಸು ಹೊರಳಿದಂಗ ಅಂತಾರಲ್ಲ ಹಂಗ ಇರಬಹುದು, ಕಳಕವ್ವನಿಗೆ ಅದು ಗೊತ್ತಿಲ್ಲ, ಆಕಿ ಹೊಟ್ಟಿ ತುಂಬಲೇ ಇಲ್ಲ—ಕೈಗಡಿಯಾರ ಅದು, ಉಮಾನ ಕೈಗಡಿಯಾರ, ಮುಂಜಾನಿ ಹಾಸ್ಟೆಲಿನ ಮೆಟ್ಟಲು ಕಸ ಹೊಡೆಯುವಾಗ ಆ ಹುಡುಗಿ ಕೈಯೊಳಗ ಇಟ್ಟು ಹೋದದ್ದು, ಪರೀಕ್ಷೆ ಮುಗಿದ ಮೇಲೆ ಟ್ರಂಕಿನಾಗ ಇಟ್ಟರಾಯಿತು ಅಂತ ಸೆರಗಿಗೆ ಗಂಟು ಹಾಕಿಕೊಂಡಿದ್ದಳು, ಈಗ ಸುಮ್ಮನಿರವಲ್ಲದು, ಇಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕುವ ಮುದುಕಿಯಂಗ. ಎದುರಿಗೆ ಫರ್ದೀನ ಕುಂತಿದ್ದ, ಬಿಳಿ ಕೋಟಿನ ಗುಂಡಿ ಒಂದು ಮನಿ ತಪ್ಪಿಸಿ ಹಾಕಿಕೊಂಡು, ಎದುರಿಗೆ ಅಂದರ ಪೂರಾ ಎದುರಿಗೂ ಅಲ್ಲ, ಓರೆಯಾಗಿ—ಎದುರಾಬದುರಾ ಕುಂತರ ಪೊಲೀಸರು ವಿಚಾರಣಿ ಮಾಡಿದಂಗ, ಬಾಜೂಕ ಕುಂತರ ಬಸ್ಸಿನಾಗ ಹೊಂಟಂಗ, ಅದಕ್ಕ ಕುರ್ಚಿ ಓರೆ ಇರಬೇಕು ಅಂತ ಶ್ವೇತಾ ಮೇಡಂ ಕ್ಲಾಸಿನಾಗ ಹೇಳಿ ಹೇಳಿ ಕಳಕವ್ವನಿಗೇ ಬಾಯಿಪಾಠ ಆಗಿತ್ತು—ಎರಡು ನೀಲಿ ಪ್ಲಾಸ್ಟಿಕ್ ಕುರ್ಚಿ, ತಾನೇ ಒರೆಸಿ ಓರೆ ಮಾಡಿ ಇಟ್ಟವು. ದ್ಯಾವಕ್ಕಾರ, ಈಗ ನಿಮಗ ಹ್ಯಾಂಗ ಅನಸ್ತೈತ್ರಿ, ಅಂದ ಫರ್ದೀನ—ಈ ಕುರ್ಚಿ ಮೇಲೆ ಕುಂತಷ್ಟು ಹೊತ್ತು ಕಳಕವ್ವನೇ ದ್ಯಾವಕ್ಕ—ಹಣಿ ತುಂಬ ಬೆವರು. ಹ್ಯಾಂಗ ಅನಸ್ತೈತಿ. ಕಿಡಕಿಯ ಆಚೆ ಗಜೇಂದ್ರಗಡದ ಗುಡ್ಡ, ಗುಡ್ಡದ ಮೇಲೆ ಆ ದೊಡ್ಡ ಗಾಳಿ ಫ್ಯಾನುಗಳು, ಮೂರು ತಿರುಗತಾವು, ಒಂದು ನಿಂತೈತಿ. ಏನೂ ಅನಸೂದಿಲ್ಲಪಾ, ಎಲ್ಲಾ ಮುಗದಂಗ ಅನಸ್ತೈತಿ, ಅಂದಳು ಕಳಕವ್ವ, ಹಾಳಿಯಲ್ಲಿ ಬರೆದಿದ್ದಂಗೇ, ಮುಂಜಾನಿಯಿಂದ ಹತ್ತನೇ ಸಲ.

ಹಾಳಿ ಕೊಟ್ಟು ಆರು ವಾರ ಆಯಿತು. ಅವತ್ತು ಶ್ವೇತಾ ಮೇಡಂ ಅಡಿಗಿಮನಿ ಬಾಗಿಲಿಗೆ ಬಂದು, ಕಳಕವ್ವಾರ, ನಿಮ್ಮಿಂದ ಒಂದು ಕೆಲಸ ಆಗಬೇಕ್ರಿ, ಅಂದಾಗ ಮೋರಿ ಕಟ್ಟಿರಬೇಕು ಅಂದುಕೊಂಡು ಕೋಲು ಹುಡುಕಿದ್ದಳು. ಮೋರಿ ಅಲ್ಲ. ಮೂರನೇ ವರ್ಷದ ನರ್ಸಿಂಗ್ ಹುಡುಗರು ಧಾರವಾಡಕ್ಕ ಮಾನಸಿಕ ದವಾಖಾನಿಗೆ ಒಂದು ತಿಂಗಳು ಕಲಿಯಾಕ ಹೋಗುವವರು, ಮನಸ್ಸಿಗೆ ಬ್ಯಾನಿ ಆದವರ ಹತ್ತಿರ ಹ್ಯಾಂಗ ಕುಂದ್ರಬೇಕು, ಹ್ಯಾಂಗ ಕೇಳಬೇಕು ಅನ್ನೋದನ್ನ ಮೊದಲ ಇಲ್ಲೇ ರೂಢಿ ಮಾಡಬೇಕು, ಖರೇ ರೋಗಿ ಮ್ಯಾಲ ಮೊದಲ ಪಾಠ ಕಲಿಯಬಾರದಲ್ಲ, ಅದಕ್ಕ ಯಾರಾದರೂ ರೋಗಿ ಆಗಬೇಕು. ನಾಟಕ ಏನ್ರಿ. ನಾಟಕದಂಗನ, ಆದರ ಯಾರೂ ನಗೂದಿಲ್ಲ. ಹಾಳಿಯಲ್ಲಿ ದಪ್ಪ ಅಕ್ಷರ, ಕಳಕವ್ವ ಬೆರಳಿಟ್ಟು ಓದಿದಳು, ನಲವತ್ತು ದಾಟಿದ ಮೇಲೆ ಕಲಿತ ಓದು, ಅವಸರ ಮಾಡಿದರೆ ಕೈ ಬಿಟ್ಟು ಹೋಗುತ್ತದೆ—ಹೆಸರು ದ್ಯಾವಕ್ಕ, ವಯಸ್ಸು ಐವತ್ತೆಂಟು, ಆರು ತಿಂಗಳಿಂದ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾರೊಂದಿಗೂ ಮಾತು ಬೇಡ—ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ, ಸತ್ತರೆ ಒಳ್ಳೆಯದು ಅನ್ನಿಸಿದೆ, ಆದರೆ ವಿದ್ಯಾರ್ಥಿ ಅದನ್ನು ಬಾಯಿಬಿಟ್ಟು ಕೇಳಿದರೆ ಮಾತ್ರ ಹೇಳಬೇಕು, ಕೇಳಿದರೆ ತಲೆ ತಗ್ಗಿಸಿ, ಮನಸ್ಸಿನಲ್ಲಿ ಐದು ಎಣಿಸಿ, ಹೂಂ ಅನ್ನಬೇಕು, ಕೇಳದಿದ್ದರೆ ಸುಮ್ಮನಿರಬೇಕು. ಕೇಳದಿದ್ದರೆ ಸುಮ್ಮನಿರಬೇಕು. ಇದಕ್ಕೇನು ಅಭ್ಯಾಸ ಬೇಕು, ಇಷ್ಟು ವರ್ಷ ಅದನ್ನೇ ಮಾಡಿಕೊಂಡು ಬಂದೀನಿ ಅಂತ ಅನ್ನಿಸಿತ್ತು, ಮೇಡಂ ಮುಂದೆ ಅಂದಿರಲಿಲ್ಲ. ಒಪ್ಪಿಗಿ ಫಾರ್ಮು ತುಂಬಬೇಕು, ಅದೂ ಕ್ಲಾಸಿನೊಳಗ, ಹುಡುಗರಿಗೂ ತಿಳಿಯಲಿ ಅಂತ, ರೋಗಿ ಆಗವರ ಒಪ್ಪಿಗಿ ಇಲ್ಲದ ಏನೂ ಮಾಡಬಾರದು ಅಂತ. ಗಂಡನ ಹೆಸರ್ರಿ? ಕಳಕವ್ವ ಬಾಗಿಲ ಕಡೆ ನೋಡಿದಳು. ಹೇಳ್ರಿ ಕಳಕವ್ವಾರ. ಆ ಶಬ್ದ ಈ ಕ್ಲಾಸಿನಾಗ ಯಾರೂ ಆಡಬಾರದು ಅಂತ ನೀವ ಹೇಳೀರೆಲ್ರಿ ಮೇಡಮ್ಮಾರ, ನಿನ್ನೆ. ಯಾವ ಶಬ್ದ? ನಮ್ಮನಿಯವರ ಹೆಸರು—ಅಂತ ಸೆರಗು ಬಾಯಿಗೆ ಹಿಡಿದು, ಗಂಡನ ಹೆಸರು ಆಡಿ ಗೊತ್ತಿಲ್ಲದ ಬಾಯಿ—ಹುಚ್ಚಪ್ಪ ರೀ. ಹನ್ನೆರಡು ಜನ ಬೆಂಚು ಬಡಿದು ನಕ್ಕರು, ಮೇಡಮ್ಮನೂ ನಕ್ಕು ಕೆಂಪಾದಳು, ಎಲ್ಲರಿಗಿಂತ ಜೋರು ನಕ್ಕವಳು ಉಮಾ, ನರಗುಂದದ ಹುಡುಗಿ, ನಕ್ಕು ನಕ್ಕು ಕಣ್ಣೀರು ಒರೆಸಿಕೊಳ್ಳುತ್ತ, ಆಯಿ ನೀವು ಭಾಳ ಜಾಣ ಬೆರಕಿ ಅದೀರಿ, ಅಂದಿದ್ದಳು. ಆರು ವಾರದ ಹಿಂದಿನ ಮಾತು. ಆಮೇಲೆ ಆ ಹುಡುಗಿಯ ಹಲ್ಲು ಯಾರೂ ಕಂಡಿಲ್ಲ.

ಊಟ ಹ್ಯಾಂಗ ಮಾಡ್ತೀರಿ ದ್ಯಾವಕ್ಕಾರ, ಅನ್ನುತ್ತಿದ್ದಾನೆ ಫರ್ದೀನ. ಸೇರೂದಿಲ್ಲಪಾ. ನಿದ್ದಿ? ರಾತ್ರಿ ಬೆಳ್ಳಂಬೆಳಗು ಕಣ್ಣು ತೆಗೆದ ಇರ್ತೀನಿ. ಇದೊಂದು ವಿಚಿತ್ರ, ಅಂದುಕೊಂಡಳು ಕಳಕವ್ವ, ಲಕ್ಕಲಕಟ್ಟಿಯ ಮನೆಯೊಳಗ ಹುಚ್ಚಪ್ಪ ಇದ್ದಾಗಲೂ ಕೇಳಲಿಲ್ಲ ನಿನಗ ಹ್ಯಾಂಗ ಅನಸ್ತೈತಿ ಅಂತ, ಕೆಟ್ಟವನಲ್ಲ, ಕೇಳೋದು ಗೊತ್ತಿರಲಿಲ್ಲ ಅಷ್ಟ, ಅವನು ಹೋದ ಮೇಲೆ ಊರು ಬಿಟ್ಟು ಈ ಕಾಲೇಜಿಗೆ ಆಯಾ ಆಗಿ ಬಂದು ಒಂಬತ್ತು ವರ್ಷ, ಹಾಸ್ಟೆಲಿನ ಹಿಂದೆ ಒಂದು ಕೋಲಿ, ಒಂದು ಟ್ರಂಕು, ಮುಂಜಾನಿ ಗಂಟೆ ಬಾರಿಸುವುದು, ಕಸ, ಮೆಟ್ಟಲು, ಹುಡುಗಿಯರಿಗೆ ಜ್ವರ ಬಂದರ ಗಂಜಿ, ನಾಲ್ಕು ವರ್ಷ ಆಯಿ ಆಯಿ ಅಂತಾರ, ಫೋಟೋ ತೆಗೆಸಿಕೊಂಡು ಹೋಗತಾರ, ಹೊಸಬರು ಬರತಾರ. ಯಾರೂ ಕೆಟ್ಟವರಲ್ಲ. ಆಯಿ, ನೀರ ಬಂದಿಲ್ಲ. ಆಯಿ, ಕೀಲಿ ಎಲ್ಲೈತಿ. ಆಯಿ, ಇಲಿ. ಆದರೆ ಈ ಆರು ವಾರ, ಮಂಗಳವಾರ ಶುಕ್ರವಾರ, ಈ ನೀಲಿ ಕುರ್ಚಿಯ ಮೇಲೆ ಕುಂತರೆ ಒಬ್ಬರಾದ ಮೇಲೆ ಒಬ್ಬರು ಬಂದು, ಕಣ್ಣಾಗ ಕಣ್ಣಿಟ್ಟು, ಮುಂದಕ್ಕ ಬಾಗಿ, ಹೇಳ್ರಿ, ನಾ ಕೇಳಾಕತ್ತೀನಿ, ಅವಸರ ಇಲ್ಲ, ಅಂತಾರ, ಮೊದಲನೇ ದಿನ ಪೂಜಾ ಹಂಗ ಅಂದಾಗ ಎದಿಯೊಳಗ ಏನೋ ಸಡಲಿ ಹಾಳಿಯಲ್ಲಿ ಇಲ್ಲದ್ದೊಂದು ಬಾಯಿಗೆ ಬಂದುಬಿಟ್ಟಿತ್ತು—ನನ್ನ ತಂಗಿ ಒಂದು ಇಳಕಲ್ ಸೀರಿ ಕೊಟ್ಟು ಹೋದಳವ್ವಾ—ಪೂಜಾ ತಬ್ಬಿಬ್ಬಾಗಿ ಮೇಡಂ ಕಡೆ ನೋಡಿದಳು. ಕಳಕವ್ವಾರ, ಹಾಳ್ಯಾಗ ಇಲ್ಲದ್ದು ಹೇಳಬ್ಯಾಡ್ರಿ, ಎಲ್ಲಾರಿಗೂ ಒಂದ ರೀತಿ ಇರಬೇಕು, ಇಲ್ಲಂದ್ರ ಮಾರ್ಕು ಹ್ಯಾಂಗ ಹಾಕೂದು, ನೀವು ಚಲೋ ಮಾಡಾಕತ್ತೀರಿ, ಮತ್ತೊಮ್ಮೆ ಹಿಂಗಾದ್ರ ಬ್ಯಾರೆ ಯಾರನ್ನಾದರೂ ನೋಡಬೇಕಾಗತೈತಿ. ಬ್ಯಾಡ್ರಿ, ಬ್ಯಾಡ್ರಿ ಮೇಡಮ್ಮಾರ, ಹಂಗ ಮಾಡಬ್ಯಾಡ್ರಿ, ಅಂದಿದ್ದಳು ಕಳಕವ್ವ, ಅಷ್ಟು ಲಗೂ ಅಂದದ್ದಕ್ಕೆ ತನಗೇ ನಾಚಿಕೆ ಆಗಿತ್ತು. ದ್ಯಾವಕ್ಕನಿಗೆ ಕೇಳತಾರ, ಕಳಕವ್ವಗಲ್ಲ, ಅದು ಗೊತ್ತೈತಿ. ಕುರ್ಚಿ ಎತ್ತಿಟ್ಟ ಮೇಲೆ ಅದೇ ಹುಡುಗಿ ಪಡಸಾಲಿಯೊಳಗ ಕಣ್ಣೆತ್ತದೆ ಹೋಗತಾಳ. ಇರಲಿ. ದ್ಯಾವಕ್ಕನ ನೆರಳಿನಾಗ ಕುಂತು ಒಂದಿಷ್ಟು ತಂಪು ತಗೊಂಡರೆ ದ್ಯಾವಕ್ಕನದೇನು ಹೋಗತೈತಿ.

ಸಾಯಬೇಕು ಅಂತ ಏನರೆ ಅನಸ್ತೈತೇನ್ರಿ ಇಲ್ಲೇನ್ರಿ, ಅಂದ ಫರ್ದೀನ ಒಂದೇ ಉಸಿರಿನಾಗ, ಕಂಡಕ್ಟರ್ ಟಿಕೆಟ್ ಕೇಳಿದಂಗ, ಮೂಲೆಯ ಟೇಬಲ್ಲಿನ ಹಿಂದೆ ಶ್ವೇತಾ ಮೇಡಂ ತುಟಿ ಬಿಗಿ ಹಿಡಿದಳು. ಕಳಕವ್ವ ತಲೆ ತಗ್ಗಿಸಿದಳು, ಒಂದು, ಎರಡು, ಸೆರಗಿನ ಗಂಟು ಟಿಕ್ ಅಂತ ಎಣಿಕೆಗೆ ತಾಳ ಹಾಕುತ್ತಿತ್ತು, ಮೂರು, ನಾಲ್ಕು, ಐದು, ಹೂಂ. ಹಿಂಗ ಹೇಳಿದ್ದು ಚಲೋ ಆತ್ರಿ, ಇದನ್ನ ಹೊತಗೊಂಡು ಒಬ್ಬರ ಇರಬ್ಯಾಡ್ರಿ, ನಾ ಡಾಕ್ಟರಿಗೆ ಹೇಳ್ತೀನಿ, ನಿಮ್ಮನ್ನ ಒಬ್ಬರನ್ನ ಬಿಡೂದಿಲ್ಲ, ನಾಳೆ ಇದ ಹೊತ್ತಿಗೆ ಮತ್ತ ಬರ್ತೀನಿ—ಹುಡುಗ ಗಡಬಡಿಸಿದರೂ ಒಂದೂ ಬಿಡಲಿಲ್ಲ, ಮೇಡಂ ಮುಂದಿನ ಹಾಳಿಯಲ್ಲಿ ಹದಿನೆಂಟು ಚೌಕ, ಒಂದೊಂದಕ್ಕೂ ಗುರುತು, ಕಡೆಯ ಚೌಕ ಅದೇ, ಮತ್ತೆ ಯಾವಾಗ ಬರ್ತೀನಿ ಅಂತ ಹೇಳದೆ ಎದ್ದು ಹೋಗಬಾರದು. ಫರ್ದೀನ ಎದ್ದ. ಮುಂಜಾನಿ ಬಸವಪ್ರಸಾದ ದೊಡ್ಡ ಪ್ರಶ್ನೆಯನ್ನೇ ಮರೆತು ಬಾಗಿಲ ತನಕ ಹೋಗಿ ಓಡಿ ಬಂದು, ದ್ಯಾವಕ್ಕಾರ ದ್ಯಾವಕ್ಕಾರ, ಒಂದು ಬಿಟ್ಟೆ, ಸಾಯಬೇಕು ಅಂತ ಏನರೆ—ಹೊರಗ ಹೋದ ಮ್ಯಾಲೆ ಕೇಳಿದ್ರ ಮಾರ್ಕಿಲ್ಲ ಬಸವಪ್ರಸಾದ, ಅಂದಳು ಮೇಡಂ, ಮಾರ್ಕು ಹೋಗ್ಲಿ ಬಿಡು, ಆ ದವಾಖಾನ್ಯಾಗ ಆ ಜೀವ ಹೋದ್ರ? ಪೂಜಾ ಕೇಳುವಾಗ ತಾನೇ ಅತ್ತಿದ್ದಳು, ಎದ್ದು ಹೋಗುವಾಗ ಕಿವಿಯಲ್ಲಿ, ಆಯಿ, ಉಮಾ ನನಗ ಅಕೀ ಬಕೀಟು ಕೊಟ್ಟಾಳ, ಹೊಸಾದು, ಮುಚ್ಚಳ ಇರೂದು, ದಾನಶೂರ ಕರ್ಣ ಆಗ್ಯಾಳ, ಅಂತ ಪಿಸುಗುಟ್ಟಿ ನಕ್ಕಿದ್ದಳು. ಮೂರು ದಿನಕ್ಕೊಮ್ಮೆ ನೀರು ಬರುವ ಹಾಸ್ಟೆಲಿನಾಗ ಬಕೀಟು ಕೊಟ್ಟಾಳ. ಫರ್ದೀನ ಹೋಗುತ್ತ ಹೋಗುತ್ತ ತನ್ನ ನಂಬರಿನ ಚೀಟಿಯನ್ನು ಮಡಚುತ್ತಿದ್ದ, ಅರ್ಧ, ಅರ್ಧದ ಅರ್ಧ, ಹಂಗ ಮಡಚುವ ಕೈ ಕಂಡರೆ ಕಳಕವ್ವ ಮುಖ ತಿರುಗಿಸುತ್ತಾಳೆ, ಗಾಳೆವ್ವನ ಕೈ, ತಂಗಿಯ ಕೈ, ಬಸ್‌ಸ್ಟಾಪಿನಾಗ ಖಾಲಿ ಚೀಲ ಮಡಚುತ್ತ—ಬ್ಯಾಡ, ಈಗ ಬ್ಯಾಡ.

ಹನ್ನೊಂದು ನಂಬರು, ಉಮಾ, ಅಂತ ಮೇಡಂ ಕರೆದಳು, ಯಾರೂ ಬರಲಿಲ್ಲ, ಕೈ ತೊಳ್ಯಾಕ ಹೋಗ್ಯಾಳ ರೀ, ಅಂತ ಹೊರಗಿಂದ ಯಾರೋ. ಟಿಕ್ ಟಿಕ್. ನರ್ಸು ಆಗಾಕಿ ಕೈಗಡಿಯಾರ ಯಾಕ ಕೊಟ್ಟಳು. ಮುಂಜಾನಿ ಅದು ಹೊಳೆದಿರಲಿಲ್ಲ, ನಕ್ಕಿದ್ದಳು, ನನಗ್ಯಾತಕ ಯವ್ವಾ ಗಡಿಯಾರ, ನನ್ನ ಹೊಟ್ಟೀನ ಗಡಿಯಾರ, ಹಸಿವಾದ್ರ ಒಂದು ಗಂಟೆ, ಅಂತ. ಇರ್ಲಿ ಆಯಿ, ನಿಮ್ಮ ಹಂತ್ಯಾಕ ಇರ್ಲಿ. ಪರೀಕ್ಷಾಕ ಬೇಡೇನ ನಿನಗ? ಇವತ್ತ ನಾಡಿ ನೋಡೂದಿಲ್ಲ ಆಯಿ, ಬರೇ ಮಾತು. ಸೋಮವಾರ ಧಾರವಾಡಕ್ಕ? ಮೂರರ ಬಸ್ಸಿಗೆ ಊರಿಗೆ ಹೊಂಟೀನಿ, ಅಂದಳು ಉಮಾ, ಮುಖ ತೊಳೆದು ಒರೆಸಿಟ್ಟ ತಾಟಿನಂಗ, ಮೇಲೆ ಏನೂ ಇಲ್ಲ. ಆ ಗಡಿಯಾರ ಅವರವ್ವ ಕೊಡಿಸಿದ್ದು, ಹತ್ತಿ ಬಿಡಿಸಿದ ಕೈಯಿಂದ, ಕಾಲೇಜಿಗೆ ಹೆಸರು ಹಚ್ಚಿದ ದಿನ, ಸೆಕೆಂಡಿನ ಮುಳ್ಳು ಕೆಂಪಿರೂದು ಬೇಕ್ರಿ, ಮಗಳು ನರ್ಸು ಆಗಾಕಿ ಅಂತ ನರಗುಂದದ ಪ್ಯಾಟಿ ತುಂಬ ಅಡ್ಡಾಡಿ. ಆ ತಾಯಿ ಹೋದ ತಿಂಗಳು ತೀರಿದಳು, ಜ್ವರ ಬಂದು ಆರೇ ದಿನ, ಉಮಾ ಓಡಿ ಹೋಗಿ ಕಡೆಗೆ ಆಕಿಯ ಕೈ ಹಿಡಿದು ಇದೇ ಗಡಿಯಾರ ನೋಡಿ ನಾಡಿ ಎಣಿಸುತ್ತ ಕುಂತಿದ್ದಳಂತ, ಎಣಿಸುತ್ತ ಎಣಿಸುತ್ತ ಎಣಿಸೋದಕ್ಕ ಏನೂ ಉಳಿಯಲಿಲ್ಲಂತ, ಮನಿಯಾಗ ನರ್ಸು ಇಟಗೊಂಡು ತಾಯೀನ ಕಳಕೊಂಡ್ರು ಅಂತ ಓಣಿಯ ಹೆಂಗಸರು ಆಕಿಗೆ ಕೇಳುವಂಗೇ ಅಂದರಂತ—ಪೂಜಾ ಹೇಳಿದ್ದು ಇದೆಲ್ಲ, ಉಮಾ ಅಲ್ಲ, ಉಮಾಗೆ ಯಾರು ಕೇಳಿದರು. ಹದಿಮೂರು ದಿನ ಮುಗಿಸಿ ಬಂದ ಮರುದಿನ ಕ್ಲಾಸಿನಾಗ ದುಃಖದ ಪಾಠ, ಅದು ಮೊದಲೇ ವೇಳಾಪಟ್ಟಿಯಲ್ಲಿ ಇದ್ದದ್ದು, ಯಾರ ತಪ್ಪೂ ಅಲ್ಲ, ಮೊದಲ ನಂಬಿಕಿ ಆಗೂದಿಲ್ಲ, ಆಮ್ಯಾಲೆ ಸಿಟ್ಟು, ಆಮ್ಯಾಲೆ ದೇವರ ಕೂಡ ಚೌಕಾಶಿ, ಹಿಂಗ ಐದು ಹಂತ ಅಂತ ಮೇಡಂ ಬೋರ್ಡಿನ ಮೇಲೆ ಬರೆದಳು, ಹನ್ನೆರಡು ಪೆನ್ನು ಸರಸರ ಓಡಿದವು, ಉಮಾನದೂ, ಸ್ಕೇಲು ಇಟ್ಟು ಐದಕ್ಕೂ ಕೆಳಗೆ ಗೆರೆ ಹೊಡೆದಳು, ಮೇಡಂ, ಇದು ಹತ್ತು ಮಾರ್ಕಿಗೆ ಬರತೈತೇನ್ರಿ, ಅಂದ ಫರ್ದೀನ. ಹಿಂದಿನ ಬೆಂಚು ಒರೆಸುತ್ತಿದ್ದ ಕಳಕವ್ವ ನೋಡಿದಳು, ಒಂದು ತಲೆಯೂ ಆ ಹುಡುಗಿಯ ಕಡೆ ತಿರುಗಲಿಲ್ಲ. ತನ್ನ ತಲೆ ತಿರುಗಿತ್ತು. ತಿರುಗಿ, ಮತ್ತೆ ಬೆಂಚಿಗೆ.

ಅದೇ ಕ್ಲಾಸಿನಾಗ ಇನ್ನೊಂದು ದಿನ ಮೇಡಂ ಹೇಳಿದ್ದು, ತಮಗ ಪ್ರೀತಿ ಇದ್ದ ವಸ್ತು ಯಾರಾದ್ರೂ ಸುಮ್ಮಸುಮ್ಮನ ದಾನ ಮಾಡಾಕ ಹತ್ತಿದ್ರ, ನೀವು ಎಚ್ಚರ ಆಗ್ರಿ. ಕೇಳ್ರಿ. ಕೇಳಿದ್ರ ಇಲ್ಲದ ವಿಚಾರ ತಲ್ಯಾಗ ಹಾಕಿದಂಗ ಆಗತೈತಿ ಅಂತ ಅಂಜಬ್ಯಾಡ್ರಿ, ಹಂಗ ಆಗೂದಿಲ್ಲ, ಕೇಳಿದ್ರ ಭಾರ ಇಳೀತೈತಿ. ಕಳಕವ್ವನ ಕೈಯಿಂದ ಅರಿವಿ ಬಕೀಟಿನೊಳಗೆ ಬಿದ್ದಿತ್ತು. ಗಾಳೆವ್ವ ಮೆಣಸಗಿಗೆ ಕೊಟ್ಟ ತಂಗಿ, ಮಲಪ್ರಭಾ ಹೊಳಿ ಏರಿ ಬಂದ ವರ್ಷ ಎದಿಮಟ ನೀರಿನಾಗ ಒಂದೇ ಒಂದು ಗಂಟು ತಲೆ ಮೇಲೆ ಹೊತ್ತು ದಾಟಿದಾಕಿ, ಗಂಟಿನೊಳಗ ಮದುವಿಯ ಇಳಕಲ್ ಸೀರಿ, ಕೆಂಪು ಸೆರಗಿನದು, ಮನಿ ಹೋದರೂ ಅದು ಒದ್ದಿ ಆಗಲಿಲ್ಲ, ಆಮೇಲೆ ಎರಡು ವರ್ಷ ತಗಡಿನ ಶೆಡ್ಡು, ಮಾತು ಕಡಿಮಿ ಆಯಿತು, ಊಟ ಕಡಿಮಿ ಆಯಿತು, ಎಲ್ಲಾರೂ ಅಂದರು ನೆರಿ ನೋಡಿ ಅಂಜ್ಯಾಳ, ಸರಿ ಹೋಗತಾಳ. ಒಂದು ಸುಗ್ಗಿ ದಿನ ಹೇಳದೆ ಕೇಳದೆ ರೋಣದ ಬಸ್ಸು ಹಿಡಿದು, ಅಲ್ಲಿಂದ ಗಜೇಂದ್ರಗಡ, ಅಲ್ಲಿಂದ ಲಕ್ಕಲಕಟ್ಟಿ, ಬಾಗಿಲಿಗೆ ಬಂದು ನಿಂತಾಳ, ಕಳಕವ್ವ ಮೊರದಾಗ ಜ್ವಾಳ ಕೇರುತ್ತಿದ್ದಾಳ, ಅಕ್ಕಾ, ಇದು ನೀ ಉಟಗೋ. ಅಯ್ಯ, ನಿನ್ನ ಮದುವಿ ಸೀರಿ, ನಾ ಯಾಕ ಉಡಲಿ. ನಿನಗ ಕೆಂಪು ಒಪ್ಪತೈತಿ ಅಕ್ಕಾ. ಮುಖ ತೊಳೆದು ಒರೆಸಿಟ್ಟ ತಾಟು. ಒಂದು ತುತ್ತು ಉಣಲಿಲ್ಲ, ತಿರುಗಿ ಬಸ್ಸಿಗೆ ಹೊಂಟಳು. ಖಾಲಿ ಚೀಲ ಕಳಿಸಬಾರದು ಅಂತ ಕಳಕವ್ವ ಎರಡು ಸೇರು ಜ್ವಾಳ ಹಿಡಿದು ಬಸ್‌ಸ್ಟಾಪಿಗೆ ಓಡಿದಳು, ಬ್ಯಾಡಕ್ಕಾ ಅಂತ ಗಾಳೆವ್ವ ಚೀಲ ಮಡಚತಾಳ, ಗೊಬ್ಬರದ ಚೀಲ ಹರಿದು ಹೊಲಿದ ಕೈಚೀಲ, ಬಿಳೇದು, ಬಿರುಸು, ಅರ್ಧ ಮಡಚಿದರ ಬಿಚ್ಚಿಕೊಳ್ಳತೈತಿ, ಅಂಗೈಯಿಂದ ಒತ್ತಿ ಮತ್ತ ಮಡಚತಾಳ, ಅರ್ಧದ ಅರ್ಧ, ಅದರ ಅರ್ಧ, ಏನೂ ಹಾಕಲಾರದಷ್ಟು ಸಣ್ಣದಾಗುವ ತನಕ, ಬಸ್ಸು ಬಂತು, ಹೋಗ್ತೀನಿ ಅಕ್ಕಾ, ಅಂದಳು. ಹೋಗ್ತೀನಿ ಅನಬಾರದು, ಬರ್ತೀನಿ ಅನ್ನು, ಅಂದಳು ಕಳಕವ್ವ, ನಕ್ಕೋತ, ಸಣ್ಣಾಕಿದ್ದಾಗ ತಿದ್ದಿದಂಗ. ಗಾಳೆವ್ವ ಅಕ್ಕನ ಮುಖ ನೋಡಿದಳು, ಎಷ್ಟೊತ್ತು ನೋಡಿದಳು. ಬರ್ತೀನಿ ಅಕ್ಕಾ. ಅಷ್ಟ ಸಾಕಾಯಿತು ಕಳಕವ್ವನಿಗೆ, ಶುಭ ನುಡಿಸಿ ಕಳಿಸಿದೆ ಅಂತ ಸಮಾಧಾನ. ಒಂಬತ್ತನೇ ದಿನಕ್ಕೆ ಸುದ್ದಿ ಬಂತು. ಹೊಳಿ ದಂಡಿಗೆ ಕಾಲು ಜಾರಿತು ಅಂದರು, ಎಲ್ಲಾರೂ ಹಂಗೇ ಅಂದರು, ಕಳಕವ್ವನೂ ಕೇಳಿದವರಿಗೆಲ್ಲ ಕಾಲು ಜಾರಿತ್ರಿ ಅಂದಳು, ಇಷ್ಟು ವರ್ಷ. ಆ ಸೀರಿ ಟ್ರಂಕಿನ ತಳದಾಗ ಐತಿ. ಒಮ್ಮೆಯೂ ಉಟ್ಟಿಲ್ಲ. ಅದೇ ಟ್ರಂಕಿನಾಗ ಇದನ್ನೂ ಇಡಾಕ ಹೊಂಟಿದ್ದೆನಲ್ಲ ನಾನು, ಈ ಗಡಿಯಾರಾನೂ.

ಉಮಾ ಬಂದಳು. ಕುರ್ಚಿಯ ಮೇಲೆ ಕುಂತಳು, ಓರೆಯಾಗಿ, ಸರಿಯಾಗಿ, ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿದೆ, ಎಡಗೈ ಮಣಿಕಟ್ಟಿನ ಮೇಲೆ ಗಡಿಯಾರದ ಪಟ್ಟಿಯ ಬೆಳ್ಳನೆಯ ಗುರುತು, ಬಿಸಿಲು ಕಾಣದ ತೊಗಲು. ನಮಸ್ಕಾರ ದ್ಯಾವಕ್ಕಾರ, ನಾನು ಉಮಾ, ಸ್ಟೂಡೆಂಟ್ ನರ್ಸು, ನಿಮ್ಮ ಜೋಡಿ ಹತ್ತು ನಿಮಿಷ ಮಾತಾಡಾಕ ಬಂದೀನಿ, ನೀವು ಹೇಳಿದ್ದು ನಮ್ಮ ತಂಡದವರ ಬಿಟ್ಟು ಯಾರಿಗೂ ಹೇಳೂದಿಲ್ಲ—ಒಂದು ತಪ್ಪಿಲ್ಲ, ಮೇಡಂ ಪೆನ್ನು ಚೌಕದಿಂದ ಚೌಕಕ್ಕೆ ಇಳಿಯುತ್ತಿದೆ, ಗುರುತು, ಗುರುತು. ನಿದ್ದಿ ಹ್ಯಾಂಗ ಐತ್ರಿ. ರಾತ್ರಿ ಬೆಳ್ಳಂಬೆಳಗು ಕಣ್ಣು ತೆಗೆದ ಇರ್ತೀನಿ ಯವ್ವಾ. ಹಾಸಿಗ್ಯಾಗ ಬಿದ್ದು ಮ್ಯಾಲ ಪತ್ರಾಸಿನ ತಗಡು ನೋಡಕೋತ ಇರ್ತೀರೇನ್ರಿ, ಅಂದಳು ಉಮಾ, ಅದು ಯಾರೂ ಕೇಳದ ಪ್ರಶ್ನೆ, ಯಾವ ಚೌಕದಲ್ಲೂ ಇಲ್ಲದ್ದು, ಪೆನ್ನು ಒಂದು ಗಳಿಗೆ ನಿಂತಿತು, ಕಳಕವ್ವ ಹೂಂ ಅಂದಳು, ಹಾಳಿಯಲ್ಲಿ ಇಲ್ಲದಿದ್ದರೂ. ಊಟಾ? ಸೇರೂದಿಲ್ಲ. ಎಲ್ಲಾ ಮಣ್ಣು ತಿಂದಂಗ ಆಗತೈತಿ ಅಲ್ರಿ. ಹೂಂ ಯವ್ವಾ. ಹುಡುಗಿಯ ಕಣ್ಣು ಕಳಕವ್ವನ ಮೇಲೆ ಇಲ್ಲ, ಮಡಿಲಿನ ಮೇಲೆ, ಮಡಿಲಿನೊಳಗೆ ಒಂದು ಕರವಸ್ತ್ರ, ಬಿಳೇದು, ಅದನ್ನು ಮಡಚುತ್ತಿದ್ದಾಳೆ, ಅರ್ಧ, ಅಂಗೈಯಿಂದ ಒತ್ತಿ, ಅರ್ಧದ ಅರ್ಧ. ಕಳಕವ್ವ ಕಿಡಕಿಯ ಕಡೆ ನೋಡಿದಳು, ಗುಡ್ಡ, ಫ್ಯಾನು, ನಿಂತದ್ದು ಇನ್ನೂ ನಿಂತೈತಿ, ತಿರುಗಿ ನೋಡಿದರೆ ಕರವಸ್ತ್ರ ಇನ್ನೂ ಸಣ್ಣದಾಗಿದೆ. ಈಗ ಕೇಳತಾಳ. ಕೇಳು ಯವ್ವಾ. ದೊಡ್ಡ ಪ್ರಶ್ನಿ ಕೇಳು, ಪ್ರತಿ ಮಂಗಳವಾರ ಶುಕ್ರವಾರ ಕೇಳೀಯಲ್ಲ, ನನಗ ಕೇಳಿದರ ನಾ ಹೂಂ ಅಂತೀನಿ, ನನ್ನ ಹೂಂ ಹಿಂದ ನಿನ್ನದೂ ಬರಬಹುದು. ಉಮಾ ಬಾಯಿ ತೆರೆದಳು. ದ್ಯಾವಕ್ಕಾರ, ನಿಮಗ—ಕರವಸ್ತ್ರಕ್ಕೆ ಮತ್ತೊಂದು ಮಡಿಕಿ ಬಿತ್ತು—ನಿಮಗ ಮಾತಾಡಾಕ ಯಾರಾದ್ರೂ ಅದಾರೇನ್ರಿ. ಅದಲ್ಲ. ಅದು ಹನ್ನೊಂದನೇ ಚೌಕ. ದೊಡ್ಡದು ಹದಿನಾಲ್ಕನೇದು. ಯಾರೂ ಇಲ್ಲ ಯವ್ವಾ, ಅಂದಳು ಕಳಕವ್ವ, ಇದು ಹಾಳಿಯಲ್ಲೂ ಇತ್ತು, ಖರೇನೂ ಇತ್ತು.

ಎರಡು ನಿಮಿಷ, ಅಂದಳು ಮೇಡಂ. ಉಮಾ ಎಣಿಸುವವಳಂತೆ ಬರಿ ಮಣಿಕಟ್ಟು ನೋಡಿಕೊಂಡಳು. ಕೇಳದಿದ್ದರೆ ಸುಮ್ಮನಿರಬೇಕು, ದಪ್ಪ ಅಕ್ಷರ. ಸನ್ನೆ ಮಾಡಬಾರದು, ನೆನಪು ಕೊಡಬಾರದು, ಕೊಟ್ಟರೆ ಆ ವಿದ್ಯಾರ್ಥಿ ಪರೀಕ್ಷೆಯೇ ರದ್ದು, ಮುಂಜಾನಿ ಮೇಡಂ ಎಲ್ಲರ ಮುಂದೆ ಹೇಳಿದ್ದು. ರದ್ದಾದರೆ ಸೋಮವಾರದ ಧಾರವಾಡ ಇಲ್ಲ, ವರ್ಷ ಹೋಗತೈತಿ ಹುಡುಗಿಯದು, ಆ ತಾಯಿ ಹತ್ತಿ ಬಿಡಿಸಿ ಓದಿಸಿದ ವರ್ಷ. ನನ್ನ ಕುರ್ಚೀನೂ ಹೋಗತೈತಿ, ಬ್ಯಾರೆ ಯಾರನ್ನೋ ತಂದು ಕೂಡಸತಾರ, ಆಮೇಲೆ ಮಂಗಳವಾರ ಬರತೈತಿ, ಶುಕ್ರವಾರ ಬರತೈತಿ, ಹ್ಯಾಂಗ ಅನಸ್ತೈತ್ರಿ ಅಂತ ಯಾರೂ ಕೇಳೂದಿಲ್ಲ, ಸಾಯುವ ತನಕ ಕೀಲಿ, ನೀರು, ಇಲಿ. ಪರೀಕ್ಷೆ ಮುಗಿದ ಮೇಲೆ ಹೊರಗ ಹಿಡಿದು ಕೇಳಿದರಾಯಿತು. ಹೊರಗ ಹೋದ ಮೇಲೆ ಕೇಳಿದರ—ಆ ಬಸವಪ್ರಸಾದ. ಮೂರರ ಬಸ್ಸು. ಗ್ವಾಡಿಯ ಮೇಲಿನ ಗಡಿಯಾರದಾಗ ಎರಡೂ ಮುಕ್ಕಾಲು, ಬಸ್‌ಸ್ಟ್ಯಾಂಡಿಗೆ ಹತ್ತು ನಿಮಿಷ, ಮುಂದಿನ ಸಲ ಬಂದಾಗ ಕೇಳಿದರಾಯಿತು ಅಂತ ಗಾಳೆವ್ವನಿಗೂ ಅಂದುಕೊಂಡಿದ್ದೆ, ಸುಗ್ಗಿ ಮುಗೀಲಿ, ಯುಗಾದಿಗೆ ಬರತಾಳ, ಸೀರಿ ಯಾಕ ಕೊಟ್ಟಿ ಅಂತ ಅವಾಗ ಕೇಳಿದರಾಯಿತು. ಮತ್ತ ನಾ ತಪ್ಪು ತಿಳಕೊಂಡಿದ್ದರ? ಸುಮ್ಮನ ಗಡಿಯಾರ ಬ್ಯಾಡಾಗಿ ಕೊಟ್ಟಿದ್ದರ? ನೋಡಿದರ ತಾಯಿ ನೆನಪಾಗತೈತಿ ಅಂತ ಕೊಟ್ಟಿದ್ದರ? ಕಸ ಹೊಡಿಯೋ ಮುದುಕಿ, ನಾಲ್ಕು ದಿನ ಕುರ್ಚಿ ಮ್ಯಾಲ ಕುಂತು ಡಾಕ್ಟರಮ್ಮ ಆಗ್ಯಾಳ ಅಂತಾರ. ಅನ್ನಲಿ. ಅನ್ನಲಿ ಬಿಡು, ಆದರ ಇಂಥ ಮಾತು ಬಾಯಿಂದ ಆಡೋದು ಹ್ಯಾಂಗ, ಮುಂಜಾನಿಯಿಂದ ಹತ್ತು ಸಲ ಕೇಳಿಸಿಕೊಂಡೀನಿ, ಒಮ್ಮೆಯೂ ಆಡಿಲ್ಲ, ನಮ್ಮ ಮನಿಯಾಗ ಅಪಶಕುನದ ಮಾತು ಬಾಯಿ ತನಕ ಬಂದರ ನೀರು ಮುಕ್ಕಳಿಸಿ ಉಗುಳತಿದ್ದರು.

ವೇಳೆ ಆಯಿತು, ಅಂದಳು ಶ್ವೇತಾ ಮೇಡಂ, ಮೆತ್ತಗೆ, ಹದಿನಾಲ್ಕನೇ ಚೌಕದ ಮೇಲೆ ಪೆನ್ನು ಹಿಡಿದು ಇನ್ನೂ ಕಾಯುತ್ತಿದ್ದಂತೆ. ಉಮಾ ಎದ್ದಳು. ನಾಳೆ ಇದೇ ಹೊತ್ತಿಗೆ ಬರ್ತೀನಿ ಅನ್ನಬೇಕಿತ್ತು, ಕಡೆಯ ಚೌಕ, ಎಲ್ಲರೂ ಅಂದರು, ಪಾಠ ಬರದವರೂ ಅಂದರು. ಕರವಸ್ತ್ರ ಅಂಗೈಯೊಳಗೆ ಅಡಕಿಯಷ್ಟು. ಹೋಗ್ತೀನ್ರಿ ಆಯಿ, ಅಂದಳು ಉಮಾ. ದ್ಯಾವಕ್ಕ ಅನ್ನಲಿಲ್ಲ. ಆಯಿ. ಹೋಗ್ತೀನಿ. ಕಳಕವ್ವನ ನಾಲಿಗೆಯ ತುದಿಗೆ ಅದೇ ಬಂತು, ಅದೇ ಹಳೇ ಮಾತು, ಹೋಗ್ತೀನಿ ಅನಬಾರದವ್ವಾ, ಬರ್ತೀನಿ ಅನ್ನು, ತುಟಿ ಅದಕ್ಕೆ ಆಗಲೇ ಅರ್ಧ ತೆರೆದಿತ್ತು, ನಗುವೂ ಸಿದ್ಧವಾಗಿತ್ತು, ತಿದ್ದಿ ಕಳಿಸುವ ನಗು—ಹುಡುಗಿ ವಿಧೇಯಳು, ಬರ್ತೀನಿ ಆಯಿ ಅಂತಾಳ, ಅಂದು ಹೋಗತಾಳ—ಕಳಕವ್ವ ಅದನ್ನು ನುಂಗಿದಳು, ಜ್ವಾಳದ ಗಟ್ಟಿ ತುತ್ತು ನುಂಗಿದಂಗ, ಕಣ್ಣಿನಾಗ ನೀರು ಬಂತು. ಕೈ ಚಾಚಿ ಆ ಹುಡುಗಿಯ ಮಣಿಕಟ್ಟು ಹಿಡಿದಳು, ಬೆಳ್ಳನೆಯ ಗುರುತಿನ ಮೇಲೇ, ತೊಗಲ ಕೆಳಗೆ ನಾಡಿ ಗುಬ್ಬಿಯಂಗ. ಕಳಕವ್ವಾರ, ಅಂತ ಮೇಡಂ ಮೂಲೆಯಿಂದ, ಎಚ್ಚರಿಸುವ ದನಿ. ಕುಂದ್ರು ಯವ್ವಾ. ನಿಂದಾತು. ಈಗ ನಾ ಕೇಳ್ತೀನಿ. ಉಮಾ, ನಮ್ಮವ್ವಾ, ನಿನಗ ಸಾಯಬೇಕು ಅಂತ ಅನಸೇತೇನು.

ಪೆನ್ನು ಕೆಳಗೆ ಬಿತ್ತು, ಉರುಳಿ ಗ್ವಾಡಿಗೆ ತಾಗಿ ನಿಂತಿತು. ಮೇಡಂ ಕುರ್ಚಿ ಸರಿದ ಸಪ್ಪಳ, ಮಾರ್ಕಿನ ಹಾಳಿಯನ್ನು ಮಗುಚಿ ಇಟ್ಟ ಸಪ್ಪಳ, ಹೊರಗೆ ಪಡಸಾಲಿಯೊಳಗೆ ಫರ್ದೀನ ಏನೋ ಅಂದು ಯಾರೋ ನಕ್ಕರು, ಆ ನಗು ಭಾಳ ದೂರದ್ದು, ರೋಣದಾಚೆಯದು, ಹೊಳಿಯಾಚೆಯದು. ಉಮಾ ಕುಂತಿದ್ದಳು. ಯಾವಾಗ ಕುಂತಳೋ. ತಲೆ ತಗ್ಗಿತು. ನಡುಬೈತಲೆ ಕಾಣುತ್ತಿತ್ತು, ಎಣ್ಣೆ ಇಲ್ಲದ್ದು, ತಾಯಿ ಹೋದಾಗಿನಿಂದ ಯಾರೂ ಬಾಚದ್ದು. ಸೆರಗಿನ ಗಂಟಿನೊಳಗ ಟಿಕ್—ಒಂದು. ಇಲ್ಲ ಆಯಿ ಅನ್ನು, ಅಂದರ ನಾ ಹುಚ್ಚಿ ಆಗತೀನಿ, ಆಗಲಿ, ಆ ಶಬ್ದ ಆಡಬಾರದು. ಟಿಕ್, ಎರಡು. ಮೂರು. ಕರವಸ್ತ್ರ ಹಿಡಿದ ಬೆರಳು ಬಿಚ್ಚಿದವು, ಮಡಿಕಿ ತಾನೇ ಸಡಲಿತು, ಅರ್ಧದ ಅರ್ಧ, ಅರ್ಧ, ನಾಲ್ಕು, ಯಾವ ಹಾಳಿಯಲ್ಲೂ ಬರೆದಿಲ್ಲ ಇದು, ಐದು. ಹೂಂ, ಅಂದಳು ಉಮಾ. ನಿನ್ನ ಬಿಡೂದಿಲ್ಲ, ಅಂದಳು ಕಳಕವ್ವ, ಅಂದಳೋ ಅಂದುಕೊಂಡಳೋ, ಒಬ್ಬಾಕೀನ್ನ ಬಿಡೂದಿಲ್ಲ, ಮೇಡಮ್ಮಾರ ಅದಾರ, ನಾ ಅದೀನಿ, ಮೂರರ ಬಸ್ಸು ಹೋಗಲಿ—ಶ್ವೇತಾ ಮೇಡಂ ನೆಲಕ್ಕೇ ಕುಂತಿದ್ದಳು, ಹುಡುಗಿಯ ಮೊಣಕಾಲಿನ ಹತ್ತಿರ, ಓರೆ ಇಲ್ಲ, ಎದುರು ಇಲ್ಲ, ಏನೋ ಹೇಳುತ್ತಿದ್ದಳು, ಕಳಕವ್ವನಿಗೆ ಕೇಳಿಸಲಿಲ್ಲ, ಹಿಡಿದ ಮಣಿಕಟ್ಟು ಬಿಡಲಿಲ್ಲ, ಕಣ್ಣ ಮುಂದೆ ಲಕ್ಕಲಕಟ್ಟಿಯ ಬಸ್‌ಸ್ಟಾಪು, ಬಿಸಿಲು, ಬಿಳೇ ಚೀಲ, ಬಸ್ಸು ಇನ್ನೂ ಬಂದಿಲ್ಲ, ಗಾಳೆವ್ವ ಮುಖ ಎತ್ತಿ ಅಕ್ಕನ್ನ ನೋಡತಾಳ, ಚೀಲ ಅರ್ಧ ಮಡಚೈತಿ, ಅರ್ಧ, ಕೈ ನಿಂತಾವು, ಚೀಲ ಅರ್ಧ ಮಡಚೈತಿ, ಕೈ ನಿಂತಾವು—